ಜರ್ಜಾರಿನ ಅಂಚು

ಮಾಗ್ದಾ ಟೀಚರ್ ಬಂದು ಹೋದ ದಿನ, ಮಧ್ಯಾಹ್ನದ ಊಟಕ್ಕೆ ಕೂತಲ್ಲೇ ಶಾಜ್ಲಿಯ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

"ಅಜ್ಜೀ, ಹನ್ನೆರಡು ಜರ್ಜಾರ್! ನಮ್ಮಮ್ಮನೇ ಡಿಸೈನ್ ಮಾಡಿ ನಮ್ಮಮ್ಮನೇ ಹೊಲೀಬೇಕಂತೆ," ಎಂದು ಹದಿನಾರರ ದಹೀಬಾ ರೊಟ್ಟಿ ಮುರಿಯುತ್ತಾ ಸುದ್ದಿ ಒಡೆದಳು. "ಅಸ್ವಾನಿನಲ್ಲಿ ಎಲ್ಲ ಶಾಲೆಗಳ ಕುಣಿತದ ಸ್ಪರ್ಧೆ ಇದೆ. ಇನ್ನು ಐದೇ ವಾರ."

ಅಜ್ಜಿ ನಬ್ರಾ ಬೆಂಡೆಕಾಯಿ ಸಾರಿನಲ್ಲಿ ಅದ್ದಿದ ತುತ್ತನ್ನು ಬಾಯಿಯ ಹತ್ತಿರ ನಿಲ್ಲಿಸಿದಳು. "ಯಾರು ಹೊಲಿಯೋದು ಅಂದೆ?"

"ಅಮ್ಮ."

"ಚೆನ್ನಾಯ್ತು ಬಿಡು. ಇನ್ನು ಮೀನಿಗೆ ಈಜೋದನ್ನ ಬೆಕ್ಕು ಕಲಿಸಲಿ."

ಈ ಏಟು ಯಾರಿಗೆಂದು ದಹೀಬಾಳ ತಾಯಿ ಶಾಯಾಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಕೆನೂಜ್ ಪಂಗಡದ ಹುಡುಗಿ, ಸೊಸೆಯಾಗಿ ಬಂದದ್ದು ಫಾದಿಜಾ ಪಂಗಡದ ಮನೆಗೆ. ಹೊರಗಿನವರ ಕಣ್ಣಿಗೆ ಇಬ್ಬರೂ ನೂಬಿಯಾದವರೇ. ಆದರೆ ಇವರ ಮಾತು ಅವರಿಗೆ ತಿಳಿಯದು, ಅವರದು ಇವರಿಗೆ ತಿಳಿಯದು. ಅತ್ತೆ ಸೊಸೆ ಮಾತಾಡಬೇಕಾದರೆ ಅರಬ್ಬಿಯೇ ಗತಿ. ಬಣ್ಣದ ಉಡುಪಿನ ಮೇಲೆ ತೊಡುವ, ಹಿಂದೆ ಗೇಣುದ್ದ ನೆಲದ ಮೇಲೆ ಎಳೆದುಕೊಂಡು ಬರುವ ಆ ತೆಳು ಕಪ್ಪು ಜರ್ಜಾರ್ ಫಾದಿಜಾ ಹೆಂಗಸರ ಸೊತ್ತು. ಶಾಯಾಳ ತವರಿನಲ್ಲಿ ಅದನ್ನು ತೊಟ್ಟವರೇ ಇಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಗೆಳೆಯನ ತಂಗಿಯನ್ನೇ ಕಟ್ಟಿಕೊಳ್ಳುತ್ತೇನೆಂದು ಶಾಜ್ಲಿ ಹಟ ಹಿಡಿದು ಹದಿನೆಂಟು ವರ್ಷವಾಗಿತ್ತು. ನಬ್ರಾಳ ಬಾಯಲ್ಲಿ ಸೊಸೆಯ ಕಡೆಯವರು ಇವತ್ತಿಗೂ "ನಿಮ್ಮವರು".

"ಟೀಚರಿಗೆ ನಾನೇ ಹೇಳಿದೆ ಅತ್ತೆ, ನನಗೆ ಸರಿಯಾಗಿ ಬರಲ್ಲ, ನಮ್ಮತ್ತೆ ಹೇಳಿಕೊಟ್ಟರೆ ಮಾಡ್ತೀನಿ ಅಂತ," ಎಂದಳು ಶಾಯಾ.

"ನಾನೇನು ದರ್ಜಿಯಾ? ಅಂಗಡಿಯಲ್ಲಿ ಮೊಳಕಾಲುದ್ದದ್ದು ಸಿಗುತ್ತಲ್ಲ, ಮಿಣಿಮಿಣಿ ಹಚ್ಚಿದ್ದು. ತಂದು ಹಾಕಿ."

"ಅದು ಬೇಡ ಅಂತಲೇ ನನ್ನ ಹತ್ತಿರ ಬಂದಿದ್ದಾರೆ."

"ನಿನ್ನ ಹತ್ತಿರ!" ಎಂದು ಮುದುಕಿ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಶಾಜ್ಲಿ ಬಗ್ಗಿಸಿದ ತಲೆ ಎತ್ತಲಿಲ್ಲ. ಅಮ್ಮ ಮತ್ತು ಹೆಂಡತಿಯ ನಡುವೆ ಮಾತು ಬಂದಾಗೆಲ್ಲ ಅವನಿಗೆ ವಿಪರೀತ ಹಸಿವಾಗುತ್ತಿತ್ತು.

ಶಾಲೆಯಿಂದ ಬಟ್ಟೆಯ ಗಂಟು ಬಂತು. ಶಾಯಾ ಮೊದಲು ಒಂದನ್ನು ಕತ್ತರಿಸಿ ಹೊಲಿದಳು. ಹೊಲಿಗೆ ಅವಳಿಗೆ ಹೊಸದಲ್ಲ. ಬೀದಿಯ ಅರ್ಧ ಹೆಂಗಸರ ಉಡುಪು, ಮಕ್ಕಳ ಹಬ್ಬದ ಬಟ್ಟೆ ಎಲ್ಲ ಅವಳ ಮೆಷಿನ್ನಿನ ಕೆಳಗೇ ಹಾದುಹೋಗಬೇಕು. ಆದರೆ ದಹೀಬಾ ಅದನ್ನು ತೊಟ್ಟು ನಾಲ್ಕು ಹೆಜ್ಜೆ ಹಾಕಿದ್ದೇ ಅಂಚು ಕಾಲಿಗೆ ಸುತ್ತಿ ಮುಗ್ಗರಿಸಿದಳು. ಜಗಲಿಯ ಮೇಲೆ ಖರ್ಜೂರ ಆರಿಸುತ್ತಿದ್ದ ನಬ್ರಾ ನಕ್ಕಳು.

"ಒದ್ದೆ ಕಾಗೆ ಹಾಗೆ ಕಾಣ್ತೀಯ ಕಣೇ!"

"ಎಲ್ಲಿ ತಪ್ಪಾಗಿದೆ ಹೇಳಿ ಅತ್ತೆ," ಎಂದಳು ಶಾಯಾ.

"ಎಲ್ಲಾ ಕಡೆ."

ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಅವಳು ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿದಳು. ಅಡಿಗೆಮನೆಯ ಕೆಲಸ ಮುಗಿಸಿ ಬಂದು ಕೂತರೆ ಏಳುತ್ತಿರಲಿಲ್ಲ. ಬೆರಳ ತುದಿಗಳು ಸೂಜಿ ಚುಚ್ಚಿ ಒರಟಾದವು. ಅವಳಿಗಿದ್ದದ್ದು ಒಂದೇ ಆಸೆ. ಈ ಮನೆಯ ಬಟ್ಟೆಯನ್ನು ಈ ಮನೆಯವರ ಹಾಗೆ ಹೊಲಿದು, ಅತ್ತೆಯ ಬಾಯಲ್ಲಿ ಒಮ್ಮೆ "ಆಯ್ತು" ಅನ್ನಿಸಿಕೊಳ್ಳಬೇಕು. ನಬ್ರಾ ಅದನ್ನು ಮೂರು ದಿನ ನೋಡಿಯೂ ನೋಡದ ಹಾಗಿದ್ದಳು. ನಾಲ್ಕನೆಯ ದಿನ ಎದ್ದು ಕೋಣೆಗೆ ಹೋದಳು. ಮರದ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ತಂದದ್ದು ಒಂದು ಹಳೆಯ ಜರ್ಜಾರ್.

"ತಗೋ. ಮೊಣಕಾಲ ಹತ್ತಿರ ಒಳಮಡಿಕೆ ಹೇಗಿದೆ ನೋಡು. ಹಿಂದಿನ ನೆರಿಗೆ ಎಣಿಸು. ಮೆಷಿನ್ನಿಗೆ ಹಾಕಬೇಡ, ಬಿಚ್ಚಬೇಡ. ನಾನು ಬಂದ ಮೇಲೆ ಕೊಡು."

ಅವಳ ಸೋದರತ್ತೆಯ ಮಗಳು ತೀರಿಕೊಂಡ ಸುದ್ದಿ ಅದೇ ಬೆಳಿಗ್ಗೆ ಬಂದಿತ್ತು. ಸಾವಿನ ಮನೆಯಲ್ಲಿ ಮೂರು ದಿನ ಕೂತು ಬರಲು ನಬ್ರಾ ಅಂದೇ ಹೊರಟುಹೋದಳು.

ಹದಿನೆಂಟು ವರ್ಷದಲ್ಲಿ ಆ ಪೆಟ್ಟಿಗೆಯಿಂದ ಶಾಯಾಳ ಕೈಗೆ ಬಂದ ಮೊದಲ ವಸ್ತು ಅದು. ಅವಳು ಅದನ್ನು ಹಾಸಿಗೆಯ ಮೇಲೆ ಹರಡಿ, ಅಳೆದು, ಕಾಗದದ ಮೇಲೆ ಬರೆದುಕೊಂಡಳು. ಆಗ ಗುಟ್ಟು ತಿಳಿಯಿತು. ಕೆಳಗಿನ ಪಟ್ಟಿಯನ್ನು ನೇರವಾಗಿ ಕತ್ತರಿಸಿರಲಿಲ್ಲ, ಓರೆಯಾಗಿ ಕತ್ತರಿಸಿದ್ದರು. ನೆರಿಗೆಯೆಲ್ಲ ಹಿಂದಕ್ಕೇ ಸರಿದಿತ್ತು. ಹಾಗಾಗಿ ಬಟ್ಟೆ ಕಾಲಿಗೆ ಸುತ್ತದೆ ಹಿಂದೆ ಹಿಂದೆಯೇ ಹರಿಯುತ್ತಿತ್ತು. ಎರಡೇ ದಿನದಲ್ಲಿ ಸರಿಯಾದ ಮೊದಲನೆಯದು ಸಿದ್ಧವಾಯಿತು. ದಹೀಬಾ ತೊಟ್ಟು ಅಂಗಳ ಸುತ್ತಿ ಬಂದಳು, ಎಲ್ಲೂ ಎಡವಲಿಲ್ಲ. ತಾಯಿ ಮಗಳು ಇಬ್ಬರೂ ಚಪ್ಪಾಳೆ ತಟ್ಟಿಕೊಂಡು ನಕ್ಕರು.

ಹಳೆಯದನ್ನು ಮಡಿಸುವಾಗ ಶಾಯಾಳ ಕಣ್ಣು ಅದರ ಅಂಚಿಗೆ ಬಿತ್ತು. ಸುತ್ತಲೂ ನಾಲ್ಕು ಬೆರಳಗಲ ಒಣಗಿದ ಕೆಸರು, ಕಂದುಬಣ್ಣ, ಮುಟ್ಟಿದರೆ ಗರಗರ. ಅವಳಿಗೆ ಅಯ್ಯೋ ಅನ್ನಿಸಿತು. ಲೋಟದ ತಳದಲ್ಲಿ ಒಂದು ಕಲೆ ಉಳಿದರೆ ಇಡೀ ದಿನ ಗೊಣಗುವ ಅತ್ತೆ. ಪಾಪ, ಕೈಲಾಗದೆ ಹಾಗೇ ಎತ್ತಿಟ್ಟಿರಬೇಕು. ಅಲ್ಲದೆ ಅವಳ ತವರಲ್ಲಿ ಎರವಲು ತಂದ ಪಾತ್ರೆಯನ್ನಾಗಲಿ ಬಟ್ಟೆಯನ್ನಾಗಲಿ ತೊಳೆಯದೆ ಮರಳಿಸಿದರೆ ಮರ್ಯಾದೆಗೆಟ್ಟವರು ಅನ್ನುತ್ತಾರೆ. ಉಗುರು ಬೆಚ್ಚಗಿನ ನೀರಿನಲ್ಲಿ, ಮಗುವಿಗೆ ಸ್ನಾನ ಮಾಡಿಸುವ ಹಾಗೆ, ಮೂರು ಬಾನಿ ನೀರು ಬದಲಿಸಿ ಶಾಯಾ ಅದನ್ನು ತೊಳೆದಳು. ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ, ಧೂಪದ ಹೊಗೆ ಹಿಡಿದು ಮಡಿಸಿಟ್ಟಳು.

ಮರುದಿನ ಸಂಜೆ ನಬ್ರಾ ಬಂದಳು. ಶಾಯಾ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುದುಕಿ ಮೊದಲು ಮೂಸಿದಳು. ಆಮೇಲೆ ಅವಳ ಬೆರಳುಗಳು ಮಡಿಕೆಯ ಒಳಗೆ ಅಂಚನ್ನು ಹುಡುಕಿದವು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ಹಿಂದಕ್ಕೆ, ಬೆರಳುಗಳು ಎಲ್ಲೂ ನಿಲ್ಲಲಿಲ್ಲ.

"ತೊಳೆದೆಯಾ?"

"ಹೌದು ಅತ್ತೆ. ಅಂಚೆಲ್ಲ ಕೊಳೆಯಾಗಿತ್ತು."

ನಬ್ರಾ ಜಗಲಿಯ ಮೇಲೆ ಕೂತುಬಿಟ್ಟಳು. ತನ್ನ ಭಾಷೆಯಲ್ಲಿ ಎರಡು ಮಾತು ಆಡಿದಳು, ಯಾರಿಗೂ ಅಲ್ಲ. ಬಾಗಿಲಲ್ಲಿ ನಿಂತಿದ್ದ ದಹೀಬಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಂದ್ರು ಕಣೇ?" ಎಂದಳು ಶಾಯಾ ಮಗಳಿಗೆ.

"ಅಮ್ಮ, ಅದು ಕೊಳೆ ಅಲ್ಲ. ಅಣೆಕಟ್ಟಿನ ನೀರು ಬರುತ್ತೆ ಅಂತ ಊರು ಬಿಟ್ಟ ದಿನ ಅಜ್ಜಿ ತೊಟ್ಟಿದ್ದು ಇದನ್ನೇ. ಸಮಾಧಿಗಳ ಹತ್ತಿರದಿಂದ ಮನೆಗೆ, ಮನೆಯಿಂದ ದೋಣಿಗೆ ನಡೆದು ಬಂದಿದ್ರಲ್ಲ, ಆ ಮಣ್ಣು ಅದು. ಊರು ಮುಳುಗಿಹೋಯ್ತು. ಅವತ್ತಿಂದ ಅಜ್ಜಿ ಇದಕ್ಕೆ ನೀರು ತಾಕಿಸಿಲ್ಲ."

"ನೀನು ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ. ಎಲ್ಲರಿಗೂ ಗೊತ್ತಮ್ಮ."

ಹಬ್ಬ ಬಂದಾಗ, ನೆಂಟರು ಕೂಡಿದಾಗ ಆ ಕಥೆ ಜಗಲಿಯ ಮೇಲೆ ಎಷ್ಟು ಸಲ ಬಂದುಹೋಗಿತ್ತೋ. ಹೇಳಿದ್ದೆಲ್ಲ ಅವರ ಭಾಷೆಯಲ್ಲಿ. ಶಾಯಾ ಆಗೆಲ್ಲ ಒಳಗೆ ರೊಟ್ಟಿ ಬೇಯಿಸುತ್ತಿದ್ದಳು.

ನಬ್ರಾ ಬೈಯಲಿಲ್ಲ. ಬೈದಿದ್ದರೆ ಶಾಯಾ ಬದುಕಿಕೊಳ್ಳುತ್ತಿದ್ದಳು. ಮುದುಕಿ ಪೆಟ್ಟಿಗೆಯಿಂದ ಎರಡು ಉಡುಪು ತೆಗೆದು, ಆ ಜರ್ಜಾರಿನ ಜೊತೆ ಗಂಟು ಕಟ್ಟಿ, ಎರಡು ಬೀದಿ ಆಚೆಗಿದ್ದ ಮಗಳು ಹಮೀದಾಳ ಮನೆಗೆ ನಡೆದುಹೋದಳು.

ಪಾಳಿ ಮುಗಿಸಿ ಬಂದ ಶಾಜ್ಲಿ ಕೈಕಾಲು ಕೂಡ ತೊಳೆಯಲಿಲ್ಲ.

"ಏನು ಮಾಡಿದೆ ನೀನು? ಅಮ್ಮನ್ನ ಮನೆಯಿಂದ ಓಡಿಸಿಬಿಟ್ಟೆಯಲ್ಲ, ಶಾಲೆ ಹುಡುಗಿಯರ ಕುಣಿತಕ್ಕೋಸ್ಕರ!"

"ನಾನು ಓಡಿಸಿದ್ನಾ? ಹದಿನೆಂಟು ವರ್ಷ ಪಕ್ಕದಲ್ಲೇ ಮಲಗಿದ್ದೀರಿ. ಒಂದು ದಿನ ಹೇಳಬಹುದಿತ್ತಲ್ಲ, ಹೀಗೊಂದಿದೆ ಕಣೇ ಅಂತ?"

"ಅದೆಲ್ಲ ಹೇಳೋ ವಿಷಯಾನಾ? ಮನೆಯವರಿಗೆ ಗೊತ್ತೇ ಇರುತ್ತೆ."

"ಹಾಗಾದ್ರೆ ನಾನು ಯಾರು ಈ ಮನೇಲಿ?"

ಶಾಜ್ಲಿ ತಟ್ಟೆಯ ಮುಂದೆ ಕೂತ. "ಊಟ ಹಾಕು," ಎಂದ. ಶಾಯಾ ಹಾಕಿದಳು. ಅವನು ಎರಡು ತುತ್ತು ತಿಂದು ಎದ್ದ.

ಮರುದಿನದಿಂದ ದಹೀಬಾ ಹೊತ್ತು ಹೊತ್ತಿಗೆ ಅಜ್ಜಿಗೆ ಊಟ ಒಯ್ದಳು. ಮುಚ್ಚಿದ ತಟ್ಟೆ ಮುಚ್ಚಿದ ಹಾಗೇ ವಾಪಸು ಬರುತ್ತಿತ್ತು. ಶಾಯಾ ಎರಡು ಸಲ ತಾನೇ ಹೋದಳು. ನಬ್ರಾ ಗೋಡೆಯ ಕಡೆ ತಿರುಗಿ ಮಲಗಿದಳು. ನಾದಿನಿ ಹಮೀದಾ ಬಾಗಿಲ ತನಕ ಬಂದು, "ಸ್ವಲ್ಪ ದಿನ ಬಿಡು ಶಾಯಾ. ಅವಳಿಗೆ ಆ ಊರು ಎರಡನೇ ಸಲ ಮುಳುಗಿದ ಹಾಗಾಗಿದೆ," ಎಂದಳು.

"ನಮ್ಮೂರೂ ಮುಳುಗಿದೆ ಹಮೀದಾ. ನಮ್ಮಮ್ಮ ಒಂದು ಹಿಡಿ ಮಣ್ಣು ಕೂಡ ತರಲಿಲ್ಲ," ಎಂದು ಶಾಯಾ ತಿರುಗಿ ನಡೆದಳು. ದಾರಿಯುದ್ದಕ್ಕೂ ಅತ್ತಳು.

ಹೊಲಿಗೆ ಮಾತ್ರ ನಿಲ್ಲಿಸುವ ಹಾಗಿರಲಿಲ್ಲ. ನಾಲ್ಕನೆಯ ವಾರ ಎಂಟು ಮುಗಿದಿದ್ದವು. ನೋಡಲು ಬಂದ ಮಾಗ್ದಾ ಟೀಚರ್ ತಲೆಯ ಮೇಲೆ ಕೈಹೊತ್ತಳು. ಅವಳು ಉತ್ತರದ ಕಡೆಯವಳು, ಮನಸ್ಸು ಒಳ್ಳೆಯದು, ಮಾತು ಬಿರುಸು.

"ಇಷ್ಟುದ್ದನಾ! ಹುಡುಗಿಯರ ಕಾಲೇ ಕಾಣಲ್ಲವಲ್ಲಮ್ಮ. ಹೆಜ್ಜೆ ಕಾಣದೆ ತೀರ್ಪುಗಾರರು ಮಾರ್ಕು ಕೊಡ್ತಾರಾ? ಒಂದು ಗೇಣು ಕತ್ತರಿಸಿ."

"ಕತ್ತರಿಸಿದ್ರೆ ಅದು ಜರ್ಜಾರ್ ಆಗಲ್ಲ ಮೇಡಂ."

"ವೇದಿಕೆ ಮೇಲೆ ಎಡವಿಬಿದ್ರೆ?"

"ಬೀಳಲ್ಲ," ಎಂದಳು ದಹೀಬಾ ನಡುವೆ ಬಾಯಿಹಾಕಿ. "ನೋಡಿ ಟೀಚರ್." ಒಂದನ್ನು ತೊಟ್ಟು ಅಂಗಳದಲ್ಲಿ ನಡೆದು, ತಿರುಗಿ, ಹಿಮ್ಮಡಿಯಿಂದ ಅಂಚನ್ನು ಮೆಲ್ಲಗೆ ಸರಿಸಿ ಮತ್ತೆ ತಿರುಗಿದಳು. ಬಟ್ಟೆ ಅವಳ ಹಿಂದೆ ಅರ್ಧಚಂದ್ರದ ಹಾಗೆ ಹರಡಿ ನಿಂತಿತು. "ಸರಿ, ಹಾಗೇ ಇರಲಿ," ಎಂದು ಟೀಚರ್ ಹೊರಟಳು.

"ಯಾರೇ ಕಲಿಸಿದ್ದು ಇದನ್ನ?" ಎಂದಳು ಶಾಯಾ, ಟೀಚರ್ ಹೋದ ಮೇಲೆ.

"ಅಜ್ಜಿ. ದಿನಾ ಸಂಜೆ ನಾವು ಹನ್ನೆರಡೂ ಜನ ಹಮೀದಾ ಅತ್ತೆ ಮನೆಗೆ ಹೋಗ್ತೀವಿ. ಹಿಮ್ಮಡಿಗೆ ಕಣ್ಣಿರಬೇಕು ಅಂತ ಕೋಲು ಹಿಡ್ಕೊಂಡು ಕೂತಿರ್ತಾರೆ."

"ಹೊಲಿಗೆ ಬಗ್ಗೆ ಏನಾದ್ರೂ ಅಂದ್ರಾ?"

ದಹೀಬಾ ಜರ್ಜಾರನ್ನು ಕಳಚಿ ಮಡಿಸತೊಡಗಿದಳು. "ಅಂಚು ಮುಟ್ಟಿ ನೋಡಿದ್ರು. ಏನೂ ಅನ್ನಲಿಲ್ಲಮ್ಮ."

ಗುರುವಾರ ಕುಣಿತ. ಬುಧವಾರ ಸಂಜೆ ಶಾಜ್ಲಿ ಹಮೀದಾಳ ಮನೆಯಿಂದ ಹಗುರವಾಗಿ ಬಂದು ಕೂತ. ಎರಡು ವಾರದಿಂದ ಗಂಟಿಕ್ಕಿದ್ದ ಅವನ ಮುಖ ಬಿಚ್ಚಿಕೊಂಡಿತ್ತು.

"ಶುಕ್ರವಾರ ನಮಾಜು ಮುಗಿಸ್ಕೊಂಡು ಅಮ್ಮನ್ನ ಕರ್ಕೊಂಡು ಬರ್ತೀನಿ. ಒಪ್ಪಿದಳು."

ಶಾಯಾ ಸೂಜಿ ಪಕ್ಕಕ್ಕಿಟ್ಟಳು. "ಹೇಗೆ ಒಪ್ಪಿದ್ರು?"

"ಆ ನೀರನ್ನ ನೀನು ಅಂಗಳದ ನಿಂಬೆಗಿಡಕ್ಕೆ ಹಾಕಿದೆ ಅಂದೆ. ಒಂದು ಹನಿ ಹೊರಗೆ ಹೋಗಿಲ್ಲ, ಮಣ್ಣೆಲ್ಲ ಮನೇಲೇ ಇದೆ ಅಂದೆ. ಅತ್ತುಬಿಟ್ಟಳು ಪಾಪ."

"ನಾನು ಗಿಡಕ್ಕೆ ಹಾಕಿಲ್ಲ."

"ಗೊತ್ತು. ನೀನು ಎಲ್ಲಿ ಹಾಕಿದೆಯೋ ನನಗೆ ಬೇಡ. ಕೇಳಿದ್ರೆ ಹೂಂ ಅನ್ನು, ಅಷ್ಟೇ. ಈ ಮನೇಲಿ ಮತ್ತೆ ಒಟ್ಟಿಗೆ ಕೂತು ಊಟ ಮಾಡೋಣ."

"ಮಣ್ಣಿನ ವಿಷಯದಲ್ಲಿ ಸುಳ್ಳು ಹೇಳ್ತಾರೇನ್ರೀ?"

"ಅವಳ ಜೀವ ಉಳಿಸೋ ಸುಳ್ಳು ಕಣೇ. ನಿನ್ನನ್ನೂ ಉಳಿಸುತ್ತೆ. ಸುಮ್ನೆ ಇರು."

ಶಾಯಾ ಮತ್ತೆ ಸೂಜಿ ಹಿಡಿದಳು. ಹನ್ನೆರಡನೆಯದರ ಅಂಚು ಇನ್ನೂ ಅರ್ಧ ಉಳಿದಿತ್ತು.

ಅಸ್ವಾನಿನ ವೇದಿಕೆಯ ಮೇಲೆ ಹನ್ನೆರಡು ಹುಡುಗಿಯರು ಸಾಲಾಗಿ ಬಂದಾಗ ಶಾಯಾ ಪರದೆಯ ಪಕ್ಕದಲ್ಲಿ ಸೂಜಿ ದಾರ ಹಿಡಿದು ನಿಂತಿದ್ದಳು. ಕಪ್ಪಿನ ಒಳಗಿಂದ ಹಳದಿ, ಕೆಂಪು, ಹಸಿರು ಮಿಂಚಿದವು. ಯಾರೂ ಎಡವಲಿಲ್ಲ. ಬಹುಮಾನ ಬೇರೆ ಶಾಲೆಗೆ ಹೋಯಿತು. ಕೊನೆಯಲ್ಲಿ ಒಬ್ಬ ಮುದುಕಿ ಜನರನ್ನು ಸೀಳಿಕೊಂಡು ಬಂದು, ಹುಡುಗಿಯೊಬ್ಬಳ ಅಂಚನ್ನು ಎತ್ತಿ ನೋಡಿ, "ಇದನ್ನ ಹೊಲಿದದ್ದು ಯಾವ ಊರಿನ ಫಾದಿಜಾ ಹೆಂಗಸು?" ಎಂದು ಕೇಳಿದಳು. ದಹೀಬಾ ಅಮ್ಮನ ಕಡೆ ಬೆರಳು ತೋರಿಸಿದಳು. ಶಾಯಾಳಿಗೆ ಹಿಗ್ಗಬೇಕೆಂದರೂ ಹಿಗ್ಗಲಾಗಲಿಲ್ಲ. ನಾಳೆ ಶುಕ್ರವಾರ ಎಂಬುದೊಂದೇ ತಲೆಯಲ್ಲಿತ್ತು.

ಶುಕ್ರವಾರ ನಬ್ರಾ ಬಂದವಳು ಒಳಗೆ ಹೋಗಲಿಲ್ಲ. ಗಂಟನ್ನು ಜಗಲಿಯ ಮೇಲಿಟ್ಟು ನೇರ ನಿಂಬೆಗಿಡದ ಬುಡಕ್ಕೆ ಹೋಗಿ ಕೂತಳು. ಬೆರಳಿನಿಂದ ಮಣ್ಣು ಕೆರೆದು, ಒಂದು ಹಿಡಿಯಾಗುವಷ್ಟನ್ನು ಕರವಸ್ತ್ರದಲ್ಲಿ ಕಟ್ಟಿದಳು. ಮುಖದಲ್ಲಿ ಒಂದು ಬಗೆಯ ನೆಮ್ಮದಿಯಿತ್ತು.

"ಶಾಯಾ, ಬಾ ಇಲ್ಲಿ."

ಎರಡು ವಾರದ ಮೇಲೆ ಕೇಳಿದ ಮೊದಲ ಮಾತು. ಶಾಯಾ ಹೋಗಿ ನಿಂತಳು.

"ನಾನು ಸತ್ತಾಗ ಇದನ್ನ ನನ್ನ ತಲೆ ಕೆಳಗೆ ಇಡಿಸು. ಶಾಜ್ಲಿ ಮರೀತಾನೆ, ಹಮೀದಾ ಅಳ್ತಾ ಕೂರ್ತಾಳೆ. ನೀನು ಹೇಳಿದ್ದು ಮಾಡೋಳು. ನಿನಗೇ ವಹಿಸ್ತೀನಿ."

ಶಾಜ್ಲಿ ಅಮ್ಮನ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ. ಶಾಯಾ ಕೈ ಚಾಚಿದಳು. ಗಂಟು ಅಂಗೈಗೆ ಬೀಳುವ ಮೊದಲೇ ಕೈ ಹಿಂತೆಗೆದಳು.

"ಅತ್ತೆ, ಆ ನೀರನ್ನ ನಾನು ಗಿಡಕ್ಕೆ ಹಾಕಲಿಲ್ಲ."

ನಬ್ರಾ ಮಗನ ಕಡೆ ತಿರುಗಿದಳು. ಅವನು ಚಪ್ಪಲಿ ನೋಡುತ್ತಿದ್ದ.

"ಎಲ್ಲಿ ಹಾಕಿದೆ?"

"ಬೀದಿಗೆ. ಬಾಗಿಲ ಮುಂದೆ. ಅವತ್ತು ಗಾಳಿಗೆ ಧೂಳು ಏಳ್ತಿತ್ತು, ಅದಕ್ಕೆ ಚಿಮುಕಿಸಿದೆ."

"ಮೂರು ಬಾನಿಯೂ?"

"ಮೂರೂ."

"ಜನ ತುಳಿದಿರ್ತಾರೆ."

"ತುಳಿದಿದ್ದಾರೆ ಅತ್ತೆ. ಕಬ್ಬಿನ ಟ್ರಾಕ್ಟರೂ ಹೋಗಿದೆ. ಗೊತ್ತಿದ್ದರೆ ಮುಟ್ಟುತ್ತಲೂ ಇರಲಿಲ್ಲ. ಯಾರೂ ನನಗೆ ಹೇಳಲಿಲ್ಲ. ನೀವೂ ಹೇಳಲಿಲ್ಲ."

ನಬ್ರಾ ಕರವಸ್ತ್ರದ ಗಂಟು ಬಿಚ್ಚಿ ಮಣ್ಣನ್ನು ಗಿಡದ ಬುಡಕ್ಕೇ ಸುರಿದಳು. ಬಟ್ಟೆ ಕೊಡವಿದಳು. ಗಂಟು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಸಮಾಧಾನ ಆಯ್ತಾ?" ಎಂದ ಶಾಜ್ಲಿ ಹಲ್ಲು ಕಚ್ಚಿ. "ಒಂದು ಹೂಂ ಅನ್ನೋಕೆ ನಿನಗೇನಾಗಿತ್ತು?"

"ತಲೆ ಕೆಳಗೆ ಇಡೋ ಮಣ್ಣು ಕಣ್ರೀ. ನನ್ನ ಕೈಯಿಂದ ಆಗಲ್ಲ."

"ಇನ್ನು ಅವಳು ಈ ಮನೇಲಿ ಇರಲ್ಲ."

"ಇರಲ್ಲ ಅಂತ ನನಗೂ ಗೊತ್ತು."

ಒಳಗೆ ಅನ್ನ ಸೀಯುವ ವಾಸನೆ ಬಂತು. ದಹೀಬಾ ಓಡಿದಳು. ಶಾಯಾ ಜಗಲಿಯ ಅಂಚಿನಲ್ಲಿ ಕೂತಳು. ಅತ್ತೆ ಗಂಟಿನೊಂದಿಗೆ ಹೊರಬರುವುದನ್ನು ಕಾಯುವುದಷ್ಟೇ ಉಳಿದಿತ್ತು.

ಬಾಗಿಲು ತೆರೆಯಿತು. ನಬ್ರಾಳ ಕೈಯಲ್ಲಿ ಗಂಟಿರಲಿಲ್ಲ. ಹಳದಿ ಉಡುಪಿನ ಮೇಲೆ ಅವಳು ಆ ಹಳೆಯ ಜರ್ಜಾರನ್ನು ತೊಟ್ಟಿದ್ದಳು. ಹದಿನೇಳರ ಮದುಮಗಳ ಅಳತೆಯದು. ಮುದುಕಿ ಕುಗ್ಗಿದ್ದರಿಂದ ಹಿಂದೆ ಗೇಣಲ್ಲ, ಮೊಳದುದ್ದ ಎಳೆಯುತ್ತಿತ್ತು. ಇಸ್ತ್ರಿಯ ಗೆರೆ ಇನ್ನೂ ಅಳಿಸಿರಲಿಲ್ಲ. ಯಾರನ್ನೂ ನೋಡದೆ ಅಂಗಳ ದಾಟಿ ಬೀದಿಬಾಗಿಲು ತೆರೆದಳು. ಮಸೀದಿಯಿಂದ ಮರಳುತ್ತಿದ್ದ ಗಂಡಸರು ಬದಿಗೆ ಸರಿದು ನಿಂತರು.

"ಎಲ್ಲಿ? ತೋರಿಸು," ಎಂದಳು.

ಶಾಯಾ ಬಂದು ತೋರಿಸಿದಳು. ಹೊಸ್ತಿಲಿನಿಂದ ಎದುರು ಮನೆಯ ಗೋಡೆಯವರೆಗೆ, ಇಲ್ಲಿಂದ ಆ ಕರೆಂಟು ಕಂಬದವರೆಗೆ. ಹುಡಿಮಣ್ಣು, ಟ್ರಾಕ್ಟರಿನ ಗಾಲಿಯ ಗುರುತು, ಕಬ್ಬಿನ ಸಿಪ್ಪೆ. ನಬ್ರಾ ನಡೆಯತೊಡಗಿದಳು. ಕಂಬದವರೆಗೆ ಹೋಗಿ ತಿರುಗಿದಳು, ಹಿಮ್ಮಡಿಯಿಂದ ಅಂಚನ್ನು ಸರಿಸಿಕೊಂಡು ಮತ್ತೆ ಬಂದಳು. ಎರಡನೆಯ ಸಲ, ಮೂರನೆಯ ಸಲ. ತೊಳೆದು ಹೊಳೆಯುತ್ತಿದ್ದ ಅಂಚು ಮಸುಕಾಯಿತು, ಕಂದಾಯಿತು.

"ಅಮ್ಮಾ, ಜನ ನೋಡ್ತಿದ್ದಾರೆ," ಎಂದ ಶಾಜ್ಲಿ ಬಾಗಿಲಿನಿಂದ.

"ನೋಡಲಿ. ಬಂದ ಮೊದಲನೇ ಬೇಸಿಗೆಯಲ್ಲಿ ನನ್ನ ಚೊಚ್ಚಲ ಮಗೂನ ಈ ಊರಲ್ಲೇ ಹೂತೆ. ಮೂರು ತಿಂಗಳ ಕೂಸು. ಆವಾಗ ಎಷ್ಟು ಜನ ನೋಡಿದ್ರು?" ನಬ್ರಾ ನಿಂತು ಉಸಿರು ತೆಗೆದುಕೊಂಡಳು. "ಕೂಸನ್ನ ನಾನು ಒಪ್ಪಿಸಿದ ಮಣ್ಣು ಇದು. ಐವತ್ತು ವರ್ಷ ಇದನ್ನ ಬೇರೆಯವರ ಮಣ್ಣು ಅಂತಲೇ ಅಂದೆ."

ಶಾಜ್ಲಿಗೆ ತನಗಿಂತ ಮೊದಲು ಹುಟ್ಟಿದ ಆ ಕೂಸಿನ ವಿಷಯ ಗೊತ್ತಿರಲಿಲ್ಲ. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

"ನೀನೇನು ನಿಂತು ನೋಡ್ತೀಯ?" ಎಂದಳು ನಬ್ರಾ ಸೊಸೆಗೆ, ಎಂದಿನ ಒರಟಿನಲ್ಲೇ. "ಹಿಂದೆ ಬಾ. ಅಂಚು ಕಲ್ಲಿಗೆ ಸಿಕ್ಕಿದ್ರೆ ಬಿಡಿಸು."

ಶಾಯಾ ಹಿಂದೆ ನಡೆದಳು. ನಾಲ್ಕು ಹೆಜ್ಜೆಯ ಮೇಲೆ ಮುದುಕಿ ಮುಂದೆ ನೋಡುತ್ತಲೇ ಮಾತು ತೆಗೆದಳು. ಅರಬ್ಬಿಯಲ್ಲಿ, ಒಂದೊಂದು ಪದವನ್ನೂ ಹುಡುಕಿ ಹುಡುಕಿ.

"ಅವತ್ತು ಬೆಳಕು ಹರಿಯೋ ಮೊದಲೇ ಎದ್ವಿ ಶಾಯಾ. ನಮ್ಮತ್ತೆ ಮನೆ ಗುಡಿಸ್ತಾ ಇದ್ರು. ಮುಳುಗೋ ಮನೇನ ಯಾಕೆ ಗುಡಿಸ್ತೀರಿ ಅಂತ ಕೇಳಿದೆ..."